ಅಳೆಯುವ ಮೈಕನ್ನೇ ಅಳೆದು ನೋಡುವುದು: ನನ್ನ ಅನುಭವ

ಶಬ್ದ ಅಳೆಯುವುದು ನನ್ನ ಕೆಲಸ. ಬೈಕಂಪಾಡಿಯ ಜನರೇಟರ್, ಗೇರುಬೀಜದ ಫ್ಯಾಕ್ಟರಿ, ಅಪಾರ್ಟ್‌ಮೆಂಟಿನ ನೀರಿನ ಪಂಪು, ಮಲ್ಪೆಯ ಐಸ್ ಪ್ಲಾಂಟು, ಹೀಗೆ ಎಲ್ಲಿ ತಕರಾರು ಎದ್ದಿದೆಯೋ ಅಲ್ಲಿಗೆ ಮೀಟರ್ ಹಿಡಿದು ಹೋಗುತ್ತೇನೆ. ಆದರೆ ನನ್ನ ಚೀಲದಲ್ಲಿ ಮೀಟರಿಗಿಂತ ಜೋಪಾನವಾಗಿ ಇಟ್ಟುಕೊಳ್ಳುವ ವಸ್ತು ಇನ್ನೊಂದುಂಟು. ಕೈಯಲ್ಲಿ ಹಿಡಿಯುವ ಸಣ್ಣ ಟಾರ್ಚಿನಷ್ಟೇ ಗಾತ್ರ, ಒಂದು ತುದಿಯಲ್ಲಿ ದುಂಡಗಿನ ತೂತು. ಗುಂಡಿ ಒತ್ತಿದರೆ ಏರಿಳಿತವಿಲ್ಲದ ಒಂದೇ ಸ್ವರ ಹೊರಡುತ್ತದೆ. ಅದು ಸೌಂಡ್ ಕ್ಯಾಲಿಬ್ರೇಟರ್, ಮೀಟರಿನ ಮೈಕ್ ಸರಿಯಾಗಿ ಅಳೆಯುತ್ತಿದೆಯೇ ಎಂದು ಪರೀಕ್ಷಿಸುವ ಸಾಧನ.

ಅದರ ಸ್ವರ 1,000 ಹರ್ಟ್ಸ್, ಮಟ್ಟ 94 ಡೆಸಿಬೆಲ್. ಈ 94 ಯಾರೋ ಮನಸ್ಸಿಗೆ ಬಂದಂತೆ ಆರಿಸಿದ ಅಂಕಿಯಲ್ಲ. ಗಾಳಿಯ ಒತ್ತಡ ಒಂದು ಪ್ಯಾಸ್ಕಲ್‌ನಷ್ಟು ಏರಿಳಿದರೆ ಅದು ಡೆಸಿಬೆಲ್ ಲೆಕ್ಕದಲ್ಲಿ 94 ಆಗುತ್ತದೆ. 114 ಅಂದರೆ ಹತ್ತು ಪ್ಯಾಸ್ಕಲ್. ನಾವು ಬಳಸುವ ಅರ್ಧ ಇಂಚಿನ ಒಳ್ಳೆಯ ಮೈಕ್‌ಗಳು ಒಂದು ಪ್ಯಾಸ್ಕಲ್‌ಗೆ ಸಾಮಾನ್ಯವಾಗಿ 50 ಮಿಲಿವೋಲ್ಟ್ ಆಸುಪಾಸು ಕೊಡುತ್ತವೆ. ಇನ್ನು 1,000 ಹರ್ಟ್ಸ್ ಯಾಕೆ ಅಂದರೆ, ಕಿವಿಗೆ ಹೊಂದುವಂತೆ ಕೆಲವು ಸ್ವರಗಳನ್ನು ತಗ್ಗಿಸಿ ತೋರಿಸುವ ಕ್ರಮಗಳಿಗೆ 'ತೂಕ' ಅನ್ನುತ್ತೇವೆ; 'ಎ' ತೂಕದಲ್ಲೂ 'ಸಿ' ತೂಕದಲ್ಲೂ ಈ ಸ್ವರಕ್ಕೆ ಕೂಡಿಸುವುದು, ಕಳೆಯುವುದು ಏನೂ ಇಲ್ಲ. ಮೀಟರ್ ಯಾವ ತೂಕದಲ್ಲಿದ್ದರೂ ಒಂದೇ ಅಂಕಿ ಬರಬೇಕು.

ಮೈಕನ್ನು ಆ ತೂತಿಗೆ ಕೂರಿಸಿ, ಅಂಕಿ ಓದಿ, ಬರೆದುಕೊಂಡರೆ ಕೆಲಸ ಮುಗಿಯಿತು. ಹೇಳಲಿಕ್ಕೆ ಇಷ್ಟೇ. ಇಷ್ಟನ್ನು ಸರಿಯಾಗಿ ಮಾಡಲು ಕಲಿಯಲಿಕ್ಕೆ ನನಗೆ ವರ್ಷಗಳೇ ಬೇಕಾದವು. ಅದರಲ್ಲೂ ಆಗಸ್ಟ್ ತಿಂಗಳ ಒಂದು ರಾತ್ರಿ ಕಲಿಸಿದಷ್ಟನ್ನು ಬೇರೆ ಯಾವುದೂ ಕಲಿಸಲಿಲ್ಲ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಆಗಸ್ಟ್ ಬಂತೆಂದರೆ ಬಂದರು ಒಮ್ಮೆಲೇ ಎದ್ದು ಕೂರುತ್ತದೆ, ಐಸ್ ಪ್ಲಾಂಟುಗಳ ಕಂಪ್ರೆಸರ್ ಹಗಲು ರಾತ್ರಿ ಓಡುತ್ತದೆ. ಎರಡು ತಿಂಗಳು ಮಳೆಯ ಸದ್ದಿನಲ್ಲೇ ಮಲಗಿದ್ದವರಿಗೆ ಆ ಶಬ್ದ ಇಮ್ಮಡಿಯಾಗಿ ಕೇಳುತ್ತದೆ. ಮಲ್ಪೆಯಲ್ಲಿ ಅಂಥ ಒಂದು ಪ್ಲಾಂಟಿನ ಹಿಂದಿನ ಮನೆಯವರು ದೂರು ಕೊಟ್ಟಿದ್ದರು. ಮಾಲೀಕರು ಮತ್ತು ಮನೆಯವರು ಇಬ್ಬರೂ ಒಪ್ಪಿ ನನ್ನನ್ನು ಕರೆಸಿದರು. ಆ ಜಾಗ ವಾಣಿಜ್ಯ ಪ್ರದೇಶಕ್ಕೆ ಸೇರಿದ್ದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಅಂಥಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 55 ಡೆಸಿಬೆಲ್. ವಸತಿ ಪ್ರದೇಶವಾಗಿದ್ದರೆ 45.

ಆ ರಾತ್ರಿ ಜಿರಿಜಿರಿ ಮಳೆ. ಕಾರಿನಿಂದ ಇಳಿಯುವ ಮೊದಲೇ, ಎಸಿ ಹಾಕಿಕೊಂಡು ಕೂತಲ್ಲೇ ಕ್ಯಾಲಿಬ್ರೇಟರ್ ಹಚ್ಚಿ ನೋಡಿದೆ: 94.0. ಮಳೆ ನಿಂತ ಮೇಲೆ ಮನೆಯ ಹಿಂಬದಿ ಅಂಗಳದಲ್ಲಿ ಸ್ಟ್ಯಾಂಡ್ ಇಟ್ಟು ಅಳತೆ ಶುರು ಮಾಡಿದೆ. ಸರಾಸರಿ 54.3 ಬಂತು. ಮಿತಿಯೊಳಗೆ. ಮಾಲೀಕರ ಮುಖ ಅರಳಿತು. ಆ ಮನೆಯ ಹಿರಿಯಮ್ಮ ಮಾತ್ರ ಬಾಗಿಲಲ್ಲಿ ನಿಂತು, "ಮಗಾ, ನಿನ್ನ ಮಿಶಿನ್ ಎಂತ ಹೇಳಿದ್ರೂ ನನಗೆ ನಿದ್ದೆ ಇಲ್ಲ" ಅಂದರು.

ಹೊರಡುವ ಮುಂಚೆ ಪದ್ಧತಿಯಂತೆ ಮತ್ತೊಮ್ಮೆ ಕ್ಯಾಲಿಬ್ರೇಟರ್ ಹಚ್ಚಿದೆ. 92.6. ತೆಗೆದು ಮತ್ತೆ ಕೂರಿಸಿದೆ. 92.6, ನಡುನಡುವೆ 92.5. ಹೆಡ್‌ಫೋನ್ ಹಾಕಿ ಕೇಳಿದರೆ ಸ್ವರದ ಹಿಂದೆ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ.

ಆದದ್ದು ಇಷ್ಟು. ಎಸಿಯಲ್ಲಿ ತಣ್ಣಗಾಗಿದ್ದ ಮೈಕನ್ನು ಕಡಲ ತೀರದ ಒದ್ದೆ ಗಾಳಿಗೆ ನೇರವಾಗಿ ತಂದಿದ್ದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುವ ಹಾಗೆ ಮೈಕ್ ಒಳಗಿನಿಂದ ಬೆವರಿತ್ತು. ಈ ಮೈಕ್‌ಗಳಲ್ಲಿ ತೆಳ್ಳನೆಯ ಲೋಹದ ಪೊರೆಗೂ ಅದರ ಹಿಂದಿನ ತಟ್ಟೆಗೂ ನಡುವೆ ಕೂದಲೆಳೆಯಷ್ಟು ಜಾಗ ಮಾತ್ರ. ಅಲ್ಲಿ ತೇವ ಕೂತರೆ ವಿದ್ಯುತ್ತು ಸೋರುತ್ತದೆ, ಓದು ಇಳಿಯುತ್ತದೆ, ಚಟಪಟ ಕೇಳುತ್ತದೆ. ಪರದೆ ಮೇಲಿನ ಅಂಕಿ ಮಾತ್ರ ಎಂದಿನಂತೆ ಸ್ಪಷ್ಟವಾಗಿ, ದಶಮಾಂಶ ಸಮೇತ ಬರುತ್ತಲೇ ಇರುತ್ತದೆ.

ಮಾಲೀಕರಿಗೆ ಹೇಳಿದೆ, ಈ ಅಳತೆ ನಡೆಯುವುದಿಲ್ಲ ಅಂತ. "ಎಂತ ಮಾರಾಯ್ರೆ, 54.3 ಅಂತ ನೀವೇ ತೋರಿಸಿದ್ದಲ್ವಾ? ಅದನ್ನೇ ಬರ್ದು ಕೊಡಿ" ಅಂದರು. ನನ್ನ ಜೊತೆಗಿದ್ದ ಹುಡುಗ, "ಅಣ್ಣ, 1.4 ಕಮ್ಮಿ ಉಂಟಲ್ಲ, ಅದನ್ನು ಕೂಡಿಸಿದ್ರೆ ಆಯ್ತಲ್ವಾ?" ಅಂತ ಮೆಲ್ಲಗೆ ಕೇಳಿದ. ಕೂಡಿಸಿದರೆ 55.7 ಆಗುತ್ತದೆ, ಮಿತಿ ದಾಟುತ್ತದೆ. ಆದರೆ ಮೈಕ್ ಯಾವ ಗಳಿಗೆಯಲ್ಲಿ ಇಳಿಯಲು ಶುರುವಾಯಿತು, ಒಮ್ಮೆಲೇ ಇಳಿಯಿತೋ ಸ್ವಲ್ಪ ಸ್ವಲ್ಪವಾಗಿಯೋ ಎಂದು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಕೂಡಿಸಿ ಕೊಟ್ಟರೆ ಅದು ಊಹೆ, ಕೂಡಿಸದೆ ಕೊಟ್ಟರೆ ಸುಳ್ಳು. ಮೊದಲಿನ ಮತ್ತು ಕೊನೆಯ ಪರೀಕ್ಷೆಯ ನಡುವೆ ಅರ್ಧ ಡೆಸಿಬೆಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಅಳತೆಯನ್ನೇ ಬಿಡುವುದು ನಾನು ಪಾಲಿಸುವ ನಿಯಮ. ಇಬ್ಬರ ಹತ್ತಿರವೂ ಕ್ಷಮೆ ಕೇಳಿ ಬಂದೆ.

ಮೈಕನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಟ್ಟೆ. ಮರುದಿನ ಅದು 93.9 ತೋರಿಸಿತು. ಕೆಟ್ಟಿರಲಿಲ್ಲ, ಒದ್ದೆಯಾಗಿತ್ತು ಅಷ್ಟೆ. ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ಈ ಸಲ ಎಸಿ ಹಾಕಲಿಲ್ಲ. ಮೀಟರನ್ನು ಮನೆಯ ಜಗಲಿಯಲ್ಲಿ ಅರ್ಧ ಗಂಟೆ ಸುಮ್ಮನೆ ಬಿಟ್ಟು, ಅದು ಊರಿನ ಗಾಳಿಗೆ ಹೊಂದಿಕೊಂಡ ಮೇಲೆ ಅಲ್ಲೇ ಕ್ಯಾಲಿಬ್ರೇಟರ್ ಹಚ್ಚಿದೆ. ಅಳತೆ 56.4. ಕೊನೆಯ ಪರೀಕ್ಷೆ ಮೊದಲಿನದ್ದಕ್ಕೆ 0.1ರೊಳಗೆ ಕೂಡಿಬಂತು. ವರದಿಯಲ್ಲಿ ಎರಡೂ ಪರೀಕ್ಷೆಯ ಅಂಕಿ ಬರೆದುಕೊಟ್ಟೆ. ಮಾಲೀಕರು ಮರುಮಾತಾಡದೆ, ಕಂಪ್ರೆಸರ್ ಕೋಣೆಯಲ್ಲಿ ಮನೆಯ ಕಡೆಗಿದ್ದ ಕಿಂಡಿ ಮುಚ್ಚಿಸಿ ಗಾಳಿಯ ದಾರಿಯನ್ನು ಇನ್ನೊಂದು ಗೋಡೆಗೆ ತಿರುಗಿಸಿದರು. ಮೊದಲ ರಾತ್ರಿಯ ಅಂಕಿಯನ್ನೇ ಕೊಟ್ಟಿದ್ದರೆ ಆ ಹಿರಿಯಮ್ಮನಿಗೆ ಅನ್ಯಾಯವಾಗುತ್ತಿತ್ತು. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಈಗ ನಾನು ಮಾಡುವ ರೀತಿ ಹೀಗೆ. ಗಾಳಿ ತಡೆಯುವ ಸ್ಪಂಜಿನ ಚೆಂಡನ್ನು ತೆಗೆಯುತ್ತೇನೆ. ಮೈಕನ್ನು ನೇರವಾಗಿ, ನಿಧಾನವಾಗಿ ಒಳಗೆ ಬಿಡುತ್ತೇನೆ. ಒಳಗಿನ ಜಾಗ ಚಿಕ್ಕದು, ರಬ್ಬರ್ ರಿಂಗ್ ಗಾಳಿಯನ್ನು ಬಿಗಿಹಿಡಿಯುತ್ತದೆ. ರಪ್ಪನೆ ದೂಡಿದರೆ ಆ ಒತ್ತಡವೆಲ್ಲ ಪೊರೆಯ ಮೇಲೆ ಬೀಳುತ್ತದೆ. ಮೈಕ್‌ನ ಸಣ್ಣ ರಂಧ್ರದ ಮೂಲಕ ಒತ್ತಡ ಸಮವಾಗಲು ಕೆಲವು ಸೆಕೆಂಡ್ ಬಿಟ್ಟು ಆಮೇಲೆ ಗುಂಡಿ ಒತ್ತುತ್ತೇನೆ. ತೆಗೆಯುವಾಗಲೂ ಅದೇ ನಿಧಾನ. ಮೂರು ಸಲ ಕೂರಿಸಿ ತೆಗೆದು ನೋಡುತ್ತೇನೆ, ಮೂರೂ ಸಲ 0.1ರೊಳಗೆ ಬರಬೇಕು. ಬರದಿದ್ದರೆ ಮೊದಲು ರಿಂಗ್ ನೋಡುತ್ತೇನೆ. ನಮ್ಮ ಸೆಕೆಗೆ, ಉಪ್ಪು ಗಾಳಿಗೆ ರಬ್ಬರ್ ಬೇಗ ಗಡುಸಾಗಿ ಬಿರುಕು ಬಿಡುತ್ತದೆ.

ಪರದೆಯಲ್ಲಿ 93.7 ಕಂಡ ಕೂಡಲೇ ಸ್ಕ್ರೂ ತಿರುಗಿಸಿಯೋ ಮೆನುವಿಗೆ ಹೋಗಿಯೋ 94.0 ಮಾಡಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸರಿಪಡಿಸುವ ಮೊದಲು ಕಂಡ ಅಂಕಿಯನ್ನು ಪುಸ್ತಕದಲ್ಲಿ ಬರೆಯಿರಿ. ಮೈಕ್ ವಯಸ್ಸಾಗುತ್ತಾ ತಿಂಗಳಿಗೆ ಎಷ್ಟು ಜಾರುತ್ತಿದೆ ಅನ್ನುವುದು ಆ ಪುಟಗಳಿಂದ ಬಿಟ್ಟು ಬೇರೆಲ್ಲಿಂದಲೂ ಗೊತ್ತಾಗುವುದಿಲ್ಲ. ಇನ್ನೊಂದು ಮಾತು, ಕೆಲವು ಮೈಕ್‌ಗಳಿಗೆ ಗುರಿ 94.0 ಅಲ್ಲವೇ ಅಲ್ಲ. ಬಯಲಿನ ಶಬ್ದಕ್ಕೆಂದು ರೂಪಿಸಿದ ಅರ್ಧ ಇಂಚಿನ ಮೈಕ್, ಮುಚ್ಚಿದ ತೂತಿನೊಳಗೆ ಒಂದೆರಡು ದಶಮಾಂಶ ಕಡಿಮೆ ತೋರಿಸುವುದೇ ಸರಿ. ಅದಕ್ಕೆ 93.8ಕ್ಕೋ 93.9ಕ್ಕೋ ಹೊಂದಿಸಿ ಎಂದು ಮೀಟರಿನ ಕೈಪಿಡಿಯಲ್ಲೇ ಇರುತ್ತದೆ. ಕಾಲು ಇಂಚಿನ ಮೈಕ್ ಆದರೆ ತೂತಿಗೆ ಹೊಂದಿಸುವ ಅಡಾಪ್ಟರ್ ಬೇಕು. ಸಭಾಂಗಣಗಳಲ್ಲಿ ಸ್ಪೀಕರ್ ಹೊಂದಿಸುವವರು ಬಳಸುವ ಅಗ್ಗದ ಮೈಕ್‌ಗಳ ಮೂತಿ ಒಂದೊಂದೂ ಒಂದೊಂದು ಅಳತೆ. ಸಡಿಲ ಕೂತರೆ ಆ ಅಂಕಿಯನ್ನು ನಂಬಬಾರದು. ಮೊಬೈಲ್ ಆ್ಯಪ್ ತೋರಿಸಿ ವಾದಿಸುವವರಿಗೂ ನಾನು ಹೇಳುವುದು ಇದನ್ನೇ: ಮೊಬೈಲಿನ ಮೈಕನ್ನು ಈ ತೂತಿಗೆ ಕೂರಿಸಲಿಕ್ಕೆ ಆಗುವುದಿಲ್ಲ.

ಯಂತ್ರದ ಪಕ್ಕದಲ್ಲೇ ಪರೀಕ್ಷೆ ಮಾಡಬೇಕಾಗಿ ಬಂದರೆ ಕ್ಯಾಲಿಬ್ರೇಟರಿನ ಇನ್ನೊಂದು ಮಟ್ಟವಾದ 114 ಬಳಸುತ್ತೇನೆ. ಸ್ವರಕ್ಕಿಂತ 10 ಡೆಸಿಬೆಲ್ ಕೆಳಗಿನ ಶಬ್ದ ಒಳಗೆ ನುಸುಳಿದರೂ ಓದು 0.4 ಏರುತ್ತದೆ, ಒಳ್ಳೆಯ ಮೈಕನ್ನೂ ಅನುಮಾನಿಸುವ ಹಾಗಾಗುತ್ತದೆ. ಕಛೇರಿಯಲ್ಲಿ ಶಾಂತವಾಗಿರುವಾಗ ಎರಡೂ ಮಟ್ಟಗಳಲ್ಲಿ ನೋಡುತ್ತೇನೆ. ನಡುವಿನ ಅಂತರ ಸರಿಯಾಗಿ 20 ಇರಬೇಕು. ಯಕ್ಷಗಾನದ ಚೆಂಡೆಯ ಹತ್ತಿರ ಅಳೆಯಲು ಹೋಗುವ ಮುನ್ನ ಈ ಪರೀಕ್ಷೆಯನ್ನು ನಾನು ಎಂದೂ ಬಿಡುವುದಿಲ್ಲ. ಅಲ್ಲಿನ ಒಂದೊಂದು ಪೆಟ್ಟೂ ಮೀಟರಿನ ಮೇಲಿನ ಅಂಚನ್ನು ಮುಟ್ಟುವಂಥದ್ದು.

ಘಟ್ಟ ಹತ್ತುವಾಗ ಇನ್ನೊಂದು ಎಚ್ಚರ ಬೇಕು. ಪಿಸ್ಟನ್‌ಫೋನ್ ಅನ್ನುವ ಹಳೆಯ ಬಗೆಯ ಕ್ಯಾಲಿಬ್ರೇಟರ್ ಸಾಮಾನ್ಯವಾಗಿ 250 ಹರ್ಟ್ಸ್, 124 ಡೆಸಿಬೆಲ್‌ನದ್ದು. ಅದರ ಮಟ್ಟ ವಾಯುಭಾರದ ಜೊತೆ ಬದಲಾಗುತ್ತದೆ. ಮಂಗಳೂರಿನಲ್ಲಿ ಸರಿಯಿದ್ದದ್ದು ಮಡಿಕೇರಿಯ ಎತ್ತರಕ್ಕೆ ಹೋದಾಗ ಒಂದು ಡೆಸಿಬೆಲ್‌ಗಿಂತ ಸ್ವಲ್ಪ ಹೆಚ್ಚೇ ಇಳಿಯುತ್ತದೆ. ಲೆಕ್ಕ ಹಾಕಿ ತಿದ್ದಿಕೊಳ್ಳಬೇಕು. ನನ್ನ ಕ್ಯಾಲಿಬ್ರೇಟರಿನೊಳಗೆ ಬೇರೊಂದು ಪುಟ್ಟ ಮೈಕ್ ಇದ್ದು, ಅದು ಮಟ್ಟವನ್ನು ತಾನೇ ನೋಡಿಕೊಂಡು ಸರಿದೂಗಿಸುತ್ತದೆ. ಅದಕ್ಕೆ ಈ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ.

ಓದು ಜಾರಿದಾಗ ತಪ್ಪು ಮೈಕಿನದೋ ಕ್ಯಾಲಿಬ್ರೇಟರಿನದೋ? ಅದಕ್ಕೆಂದೇ ಎರಡನೆಯ ಮೈಕ್ ಒಂದನ್ನು ಮನೆಯಲ್ಲಿ, ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇನೆ. ಅದನ್ನು ಕೆಲಸಕ್ಕೆ ಒಯ್ಯುವುದೇ ಇಲ್ಲ. ತಿಂಗಳಿಗೊಮ್ಮೆ ಎರಡನ್ನೂ ಅದೇ ಕ್ಯಾಲಿಬ್ರೇಟರಿಗೆ ಹಚ್ಚುತ್ತೇನೆ. ಒಂದು ಮಾತ್ರ ಜಾರಿದ್ದರೆ ಆ ಮೈಕ್ ಕೆಟ್ಟಿದೆ. ಎರಡೂ ಒಂದೇ ದಿಕ್ಕಿಗೆ, ಒಂದೇ ಅಷ್ಟು ಜಾರಿದ್ದರೆ ಕ್ಯಾಲಿಬ್ರೇಟರನ್ನು ಅನುಮಾನಿಸಬೇಕು. ಒಮ್ಮೆ ಹಾಗೆಯೇ ಆಯಿತು. ಹೊಸ ಬ್ಯಾಟರಿ ಹಾಕಿದರೂ ಎರಡು ಮೈಕ್‌ಗಳೂ 0.6 ಕಡಿಮೆ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕಳಿಸಿದೆ, ಕ್ಯಾಲಿಬ್ರೇಟರೇ ಇಳಿದಿದೆ ಎಂದು ವರದಿ ಬಂತು.

ಒಂದು ಸ್ವರದ ಪರೀಕ್ಷೆಗೆ ತನ್ನದೇ ಮಿತಿ ಇದೆ, ಅದನ್ನು ಮರೆಯಬಾರದು. 1,000 ಹರ್ಟ್ಸ್‌ನಲ್ಲಿ ಸರಿಯಾಗಿ ಓದುವ ಮೈಕ್ 8,000ದಲ್ಲಿ ಕುಂಟುತ್ತಿರಬಹುದು. ಪೊರೆಗೆ ಕೊಳೆ ಹಿಡಿದಾಗ ಹಾಗಾಗುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಕ್ಯಾಲಿಬ್ರೇಟರನ್ನೂ ಎರಡು ವರ್ಷಕ್ಕೊಮ್ಮೆ ಮೀಟರನ್ನೂ ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ಅಲ್ಲಿನ ಅಳತೆಯ ಕೊಂಡಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೆಗೆ ಮುಟ್ಟುತ್ತದೆಯೇ ಎಂದು ಪ್ರಮಾಣಪತ್ರದಲ್ಲಿ ನೋಡಿಕೊಳ್ಳುತ್ತೇನೆ. ಕಳಿಸುವ ಹಿಂದಿನ ದಿನ ಎರಡೂ ಮೈಕ್‌ಗಳ ಓದನ್ನು ಬರೆದಿಡುತ್ತೇನೆ, ಪಾರ್ಸೆಲ್ ವಾಪಸ್ ಬಂದ ದಿನವೇ ಮತ್ತೆ ಹಚ್ಚಿ ನೋಡುತ್ತೇನೆ. ದಾರಿಯಲ್ಲಿ ಬಿದ್ದು ಪೆಟ್ಟಾಗಿದ್ದರೆ ಅದು ಪ್ರಮಾಣಪತ್ರದಲ್ಲಿ ಇರುವುದಿಲ್ಲ.