ನಿಘಂಟು ಮುಚ್ಚಿಟ್ಟು ನಕ್ಷತ್ರ ಎಣಿಸಿದೆ: ನನ್ನ ಅನುಭವ

ರಷ್ಯನ್ ಮತ್ತು ವಿಯೆಟ್ನಾಮಿ ಸೇನಾ ರ‍್ಯಾಂಕುಗಳನ್ನು ನೇರವಾಗಿ ಜೋಡಿಸುತ್ತೇನೆ ಎಂದಾಗ ಜೊತೆಗಾರ ಅನುವಾದಕರು ನಕ್ಕರು. ನಡುವೆ ಇಂಗ್ಲಿಷ್ ಇಲ್ಲದೆ ಆಗುವ ಕೆಲಸವಲ್ಲ ಎಂಬುದು ಅವರ ವಾದ. ಕೆಲಸ ಕೆಡುತ್ತಿದ್ದುದೇ ಆ ಇಂಗ್ಲಿಷಿನಿಂದ. ರಷ್ಯದ ಭೂಸೇನೆಯ ‘ಕಪಿತಾನ್’ ಕಿರಿಯ ಅಧಿಕಾರಿ. ನೌಕಾಪಡೆಯ ‘ಕಪಿತಾನ್ ಪೆರ್ವವ ರಾಂಗ’ ಕರ್ನಲ್‌ಗೆ ಸಮಾನ. ಇಬ್ಬರನ್ನೂ ಕ್ಯಾಪ್ಟನ್ ಎಂದು ಬರೆದುಕೊಂಡು ವಿಯೆಟ್ನಾಮಿಗೆ ಹೋದರೆ ಇಬ್ಬರೂ ‘ದಾಯ್ ಉಯ್’, ಅಂದರೆ ಭೂಸೇನೆಯ ಕಿರಿಯ ಕ್ಯಾಪ್ಟನ್, ಆಗಿಬಿಡುತ್ತಾರೆ. ಏಜೆನ್ಸಿಯೊಂದು ಇಂಥದ್ದೇ ಪಟ್ಟಿ ಕೊಟ್ಟು ಅದನ್ನೇ ಬಳಸಬೇಕೆಂದು ಹಟ ಹಿಡಿದಿತ್ತು. ಗ್ರಾಹಕರು ತಕರಾರು ತೆಗೆದಾಗ ಕಡಿತವಾದದ್ದು ಮಾತ್ರ ನನ್ನ ಬಿಲ್ಲು, ಹತ್ತು ಸಾವಿರದ ಆಸುಪಾಸು.

ಆ ಸಿಟ್ಟಿನಲ್ಲಿ ನಿಘಂಟು ಮುಚ್ಚಿಟ್ಟು ಭುಜಪಟ್ಟಿಗಳ ಚಿತ್ರ ಹರಡಿಕೊಂಡೆ. ಎರಡೂ ಸೇನೆಗಳಲ್ಲಿ ಕಿರಿಯ ಅಧಿಕಾರಿಗೆ ಒಂದು ಗೆರೆ, ಹಿರಿಯನಿಗೆ ಎರಡು. ನಕ್ಷತ್ರಗಳು ಒಂದೊಂದಾಗಿ ಏರುತ್ತವೆ. ಒಂದು ಗೆರೆಯವರು ಯಾವ ಜಗಳವೂ ಇಲ್ಲದೆ ಕುಳಿತರು: ಮ್ಲಾದ್ಶಿ ಲೆಯ್ತೆನಾಂತ್ ಎದುರು ಥಿಯೂ ಉಯ್, ಲೆಯ್ತೆನಾಂತ್ ಎದುರು ಚುಂಗ್ ಉಯ್, ಸ್ತಾರ್ಶಿ ಲೆಯ್ತೆನಾಂತ್ ಎದುರು ಥುವಂಗ್ ಉಯ್, ಕಪಿತಾನ್ ಎದುರು ದಾಯ್ ಉಯ್. ಉಯ್ ಎಂದರೆ ಕಿರಿಯ ಅಧಿಕಾರಿ, ತಾ ಎಂದರೆ ಹಿರಿಯ, ತುವಂಗ್ ಎಂದರೆ ಜನರಲ್. ಅವುಗಳ ಹಿಂದೆ ಬರುವ ಥಿಯೂ, ಚುಂಗ್, ಥುವಂಗ್, ದಾಯ್ ಎಂಬ ನಾಲ್ಕು ಮೆಟ್ಟಿಲು ಬಾಯಿಗೆ ಬಂದರೆ ವಿಯೆಟ್ನಾಮಿ ಅಧಿಕಾರಿಗಳ ಮುಕ್ಕಾಲು ಪಾಲು ಬಂದಂತೆ. ‘ಥುವಂಗ್ ತುವಂಗ್’ ಎಂಬ ಜನರಲ್ ದರ್ಜೆಯನ್ನು ಹೇಳಲು ನನ್ನ ರಷ್ಯನ್ ಗೆಳೆಯರು ತಿಣುಕುತ್ತಾರೆ. ತ, ಥ ಬೇರೆ ಎಂದು ಒಂದನೇ ತರಗತಿಯಲ್ಲೇ ತಿದ್ದಿದ ನಮಗೆ ಅದೇನು ಮಹಾ!

ತೊಡಕು ಎದುರಾದದ್ದು ಎರಡು ಗೆರೆಯವರಲ್ಲಿ. ರಷ್ಯದಲ್ಲಿ ಮಯೋರ್ (ಮೇಜರ್), ಪದ್‌ಪಲ್ಕೋವ್ನಿಕ್ (ಲೆಫ್ಟಿನೆಂಟ್ ಕರ್ನಲ್), ಪಲ್ಕೋವ್ನಿಕ್ (ಕರ್ನಲ್) ಎಂದು ಮೂವರು. ವಿಯೆಟ್ನಾಮಿನಲ್ಲಿ ಥಿಯೂ ತಾ, ಚುಂಗ್ ತಾ, ಥುವಂಗ್ ತಾ, ದಾಯ್ ತಾ ಎಂದು ನಾಲ್ವರು. ಪಲ್ಕೋವ್ನಿಕ್‌ಗೆ ಮೂರು ನಕ್ಷತ್ರ, ಆ ಲೆಕ್ಕಕ್ಕೆ ಅವನು ಥುವಂಗ್ ತಾ. ಆದರೆ ಹನೋಯ್ ಪತ್ರಿಕೆಗಳು ಅವನನ್ನು ದಾಯ್ ತಾ ಎಂದೇ ಬರೆಯುತ್ತವೆ, ಸಾಲಿನ ತುದಿಯವನಿಗೆ ತುದಿಯವನು ಎಂಬಂತೆ. ಇಲ್ಲಿ ನಕ್ಷತ್ರ ಬಿಟ್ಟು ಹುದ್ದೆ ಹಿಡಿದೆ. ರೆಜಿಮೆಂಟಿನ ದಂಡನಾಯಕ ರಷ್ಯದಲ್ಲಿ ಸಾಮಾನ್ಯವಾಗಿ ಪಲ್ಕೋವ್ನಿಕ್. ವಿಯೆಟ್ನಾಮಿನ ಅಧಿಕಾರಿಗಳ ಕಾನೂನಿಗೆ 2014ರಲ್ಲಿ ಆದ ತಿದ್ದುಪಡಿಯಂತೆ ಆ ಹುದ್ದೆಯ ಗರಿಷ್ಠ ರ‍್ಯಾಂಕ್ ಥುವಂಗ್ ತಾ. ದಾಯ್ ತಾ ಡಿವಿಷನ್ ನಡೆಸುವವನು. ಹಾಗಾಗಿ ಸುದ್ದಿ ಬರಹಕ್ಕೆ ಪತ್ರಿಕೆಯ ರೂಢಿ, ಒಪ್ಪಂದ ಮತ್ತು ಪ್ರೋಟೋಕಾಲ್ ಕಾಗದಗಳಿಗೆ ಹುದ್ದೆಯ ಲೆಕ್ಕ ಎಂದು ಎರಡು ಕಾಲಂ ಮಾಡಿದೆ. ಹನೋಯ್ ಶಿಕ್ಷಕಿಯೊಬ್ಬರಿಂದ ಆನ್‌ಲೈನಿನಲ್ಲಿ ಇದನ್ನು ಪರಿಶೀಲಿಸಿಕೊಳ್ಳಲು ಏಳೆಂಟು ಸಾವಿರ ಖರ್ಚಾಯಿತು. ಮುಂದಿನ ಒಂದೇ ಕೆಲಸದಲ್ಲಿ ಅದರ ನಾಲ್ಕು ಪಟ್ಟು ಬಂತು. ಪದಕ್ಕೆ ಐವತ್ತು ಪೈಸೆ ಹೆಚ್ಚು ಕೇಳಿದರೂ ಯಾರೂ ಚೌಕಾಸಿ ಮಾಡಲಿಲ್ಲ.

ಜನರಲ್‌ಗಳ ಸಾಲು ಸಲೀಸು, ಚಿತ್ರದ ಇಸವಿ ನೋಡಿದರಾಯಿತು. ರಷ್ಯದ ಜನರಲ್‌ಗಳಲ್ಲಿ ಎಲ್ಲರಿಗಿಂತ ಮೇಲಿನ ‘ಗೆನೆರಾಲ್ ಆರ್ಮಿಯಿ’ 1997ರಿಂದ 2013ರವರೆಗೆ ನಾಲ್ಕು ನಕ್ಷತ್ರ ಧರಿಸುತ್ತಿದ್ದ, ಈಗ ಒಂದೇ ದೊಡ್ಡ ನಕ್ಷತ್ರ. ಅದನ್ನು ನೋಡಿ ಒಂದು ನಕ್ಷತ್ರದ ಥಿಯೂ ತುವಂಗ್ ಎಂದು ಬರೆದವರನ್ನು ಕಂಡಿದ್ದೇನೆ. ಅವನು ದಾಯ್ ತುವಂಗ್, ವಿಯೆಟ್ನಾಮಿನ ಹೆಸರಾಂತ ಸೇನಾನಿ ವೋ ನ್ಗುಯೆನ್ ಜಾಪ್ 1948ರಲ್ಲಿ ಪಡೆದ ರ‍್ಯಾಂಕ್.

ವಿಯೆಟ್ನಾಮಿನ ವೃತ್ತಿಪರ ಸೈನಿಕರು ಅಧಿಕಾರಿಗಳಲ್ಲದಿದ್ದರೂ ಉಯ್, ತಾ ಎಂಬ ಅವೇ ಹೆಸರುಗಳನ್ನು ಹೊತ್ತಿರುತ್ತಾರೆ. ಅವರನ್ನು ರಷ್ಯನ್‌ನಲ್ಲಿ ಎಲ್ಲಿ ಕೂರಿಸುತ್ತೇನೆ ಎಂಬುದು ನನ್ನ ಹೊಟ್ಟೆಪಾಡಿನ ಗುಟ್ಟು, ಇಲ್ಲಿ ಬಿಚ್ಚುವುದಿಲ್ಲ.

ಬಿಡುವಿದ್ದಾಗ ಹಳೆಯ ದಕ್ಷಿಣ ವಿಯೆಟ್ನಾಂ ಸೇನೆಯ ಪಟ್ಟಿಯನ್ನೂ ಇದೇ ಕೋಷ್ಟಕಕ್ಕೆ ಹಾಕಿ ನೋಡಿದೆ. ಅಲ್ಲಿ ಥುವಂಗ್ ತಾ ಇಲ್ಲವೇ ಇಲ್ಲ, ‘ತಾ’ಗಳು ಮೂವರೇ. ಪಲ್ಕೋವ್ನಿಕ್ ಎದುರಿಗೆ ದಾಯ್ ತಾ ಸಲೀಸಾಗಿ ಕುಳಿತ. ಆದರೆ ಜನರಲ್‌ಗಳಲ್ಲಿ ‘ಚುವನ್ ತುವಂಗ್’ (ಬ್ರಿಗೇಡಿಯರ್ ಜನರಲ್) ಎಂಬ ಹೆಚ್ಚುವರಿ ಆಸಾಮಿ ಉಳಿದುಕೊಂಡ; ಅವನಿಗೆ ಇಂದಿನ ರಷ್ಯದ ಸಾಲಿನಲ್ಲಿ ಜಾಗವಿಲ್ಲ.