ನನ್ನ ಅನುಭವ: ಮೂರು ಸುತ್ತು ವೈರಿನಿಂದ ಉಳಿದ ಪಿಕ್ಚರ್ ಟ್ಯೂಬ್

ಹಳೇ ಟಿವಿಯ ಪಿಕ್ಚರ್ ಟ್ಯೂಬಿನೊಳಗೆ ಹೀಟರ್ (ಕಾಯಿಸುವ ತಂತಿ) ಕ್ಯಾಥೋಡ್‌ಗೆ (ಬಿಸಿಯಾಗಿ ಎಲೆಕ್ಟ್ರಾನ್ ಬಿಡುವ ಭಾಗ, ಬಣ್ಣಕ್ಕೊಂದು) ತಾಗಿ ಶಾರ್ಟ್ ಆದರೆ ಆ ಟಿವಿ ಗುಜರಿಗೇ ಅಂತ ನಮ್ಮ ಕೆಲಸದವರು ಬಹಳ ಜನ ಹೇಳುತ್ತಾರೆ. ಹೊಸ ಟ್ಯೂಬ್ ಸಿಗುವುದಿಲ್ಲ, ಸಿಕ್ಕರೂ ಅದರ ಬೆಲೆಗೆ ಇಂಥ ಎರಡು ಹಳೇ ಸೆಟ್ ಬರುತ್ತವೆ. ನಾನು ಉಳಿಸಿದ 21 ಇಂಚಿನ ಕಲರ್ ಸೆಟ್ ಎರಡು ವರ್ಷದ ಮೇಲಾಯಿತು, ಇನ್ನೂ ದಿನಾ ಓಡುತ್ತಿದೆ. "ಒಂದು ವಾರ ಬಾಳಿದರೆ ಹೇಳು" ಅಂದವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆನ್ ಮಾಡಿದಾಗ ಚಿತ್ರ ಸರಿಯಾಗೇ ಬರುತ್ತಿತ್ತು. ಹತ್ತು ಹದಿನೈದು ನಿಮಿಷ ಬಿಸಿಯಾದ ಮೇಲೆ ಟಪ್ಪಂತ ಇಡೀ ಪರದೆ ಕೆಂಪು, ಅದರ ಮೇಲೆ ರಿಟ್ರೇಸ್ ಗೆರೆಗಳು (ಕಿರಣ ವಾಪಸ್ ಹೋಗುವಾಗಿನ ಓರೆ ಗೆರೆಗಳು). ಟ್ಯೂಬಿನ ಕುತ್ತಿಗೆಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಮೊದಲು ನೋಡಿದವರು ಕೆಂಪಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಬದಲಾಯಿಸಿ ದುಡ್ಡು ತೆಗೆದುಕೊಂಡು ಕಳಿಸಿದ್ದರು. ಕ್ಯಾಥೋಡ್‌ಗೆ ಹೋಗುವ ರೆಸಿಸ್ಟರಿನ ಒಂದು ಕಾಲು ಎತ್ತಿ ನೋಡಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಕಾಲು ಎತ್ತಿದ ಕೂಡಲೇ ಟ್ರಾನ್ಸಿಸ್ಟರಿನ ಕಲೆಕ್ಟರ್ (ಔಟ್‌ಪುಟ್ ಕಾಲು) ಹತ್ತು ವೋಲ್ಟಿನಿಂದ ನೂರ ಮೂವತ್ತರ ಹತ್ತಿರಕ್ಕೆ ಏರಿತು, ಪರದೆ ಮಾತ್ರ ಕೆಂಪಾಗೇ ಇತ್ತು. ತಪ್ಪು ಬೋರ್ಡಿನಲ್ಲಿಲ್ಲ, ಕ್ಯಾಥೋಡ್ ಟ್ಯೂಬಿನೊಳಗೇ ಹೀಟರಿನ ಮೂಲಕ ಗ್ರೌಂಡ್ ಹಿಡಿದು ಕೂತಿದೆ ಅಂತ ಅಲ್ಲಿಗೆ ಗೊತ್ತಾಯಿತು. ತಣ್ಣಗಿದ್ದಾಗ ಮೀಟರ್ ಇಟ್ಟರೆ ಓಪನ್ (ಶಾರ್ಟ್ ಇಲ್ಲ) ಅಂತಲೇ ತೋರಿಸುತ್ತದೆ. ಅದನ್ನು ನಂಬಬೇಡಿ.

ಕೆಪಾಸಿಟರ್ ಚಾರ್ಜ್ ಮಾಡಿ ಶಾರ್ಟ್ ಸುಟ್ಟುಬಿಡು ಅಂತ ಸಲಹೆ ಬಂತು. ಗ್ರಿಡ್ಡಿಗೂ (ಕ್ಯಾಥೋಡಿನ ಮುಂದೆ ಕಿರಣ ಹತೋಟಿ ಮಾಡುವ ಭಾಗ) ಕ್ಯಾಥೋಡಿಗೂ ನಡುವೆ ಚೂರು ಸಿಕ್ಕಿಕೊಂಡಿದ್ದರೆ ಅದು ಸರಿ, ನಾನೂ ಹಾಗೆ ಎಷ್ಟೋ ಟ್ಯೂಬ್ ಉಳಿಸಿದ್ದೇನೆ. ಹೀಟರ್ ಶಾರ್ಟ್‌ಗೆ ಅದು ಆಗುವುದಿಲ್ಲ. ಒಂದು ಗುಜರಿ ಟ್ಯೂಬಿನ ಮೇಲೆ ಮಾಡಿ ನೋಡಿದಾಗ ಹೀಟರೇ ತುಂಡಾಗಿ ಹೋಯಿತು.

ಶಾರ್ಟ್ ತೆಗೆಯಲು ಆಗದಿದ್ದರೆ ಇರಲಿ ಬಿಡಿ, ಹೀಟರನ್ನು ಗ್ರೌಂಡಿನಿಂದ ಬಿಡಿಸಿದರೆ ಸಾಕಲ್ವಾ? ಮೊದಲು 6.3 ವೋಲ್ಟಿನ ಒಂದು ಮೇನ್ಸ್ ಟ್ರಾನ್ಸ್‌ಫಾರ್ಮರ್ ತಂದು ಹೀಟರಿಗೆ ಕೊಟ್ಟೆ. ಪರದೆಯ ಕೆಂಪು ಹೋಯಿತು, ಚಿತ್ರ ಬಂತು. ಆದರೆ ಕೆಂಪು ಬಣ್ಣವೆಲ್ಲ ಬಲಕ್ಕೆ ಒಂದು ಬೆರಳಗಲ ಹರಡಿಕೊಂಡಿತ್ತು. ಮುಖದ ತುಟಿ ಕೆನ್ನೆಯವರೆಗೂ ಬಂದಿತ್ತು. ಶಾರ್ಟ್ ಆದ ಕ್ಯಾಥೋಡ್ ಈಗ ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಕೆಪಾಸಿಟನ್ಸ್ (ಚಾರ್ಜ್ ತುಂಬಿಕೊಳ್ಳುವ ಗುಣ) ಅನ್ನೂ ಹೊತ್ತುಕೊಂಡಿತ್ತು, ಅದು ತುಂಬುವಷ್ಟು ಹೊತ್ತು ಕೆಂಪು ತಡವಾಗುತ್ತದೆ. 625 ಗೆರೆಯ ಪಾಲ್ ಸೆಟ್‌ನಲ್ಲಿ ಒಂದು ಗೆರೆಯ ಚಿತ್ರ ಸುಮಾರು 52 ಮೈಕ್ರೋಸೆಕೆಂಡಿನಲ್ಲಿ ಮುಗಿಯುತ್ತದೆ. ಔಟ್‌ಪುಟ್‌ನ ಲೋಡ್ ಹತ್ತು ಕಿಲೋಓಮ್ ಆಸುಪಾಸು. ಇನ್ನೂರು ಪಿಕೋಫ್ಯಾರಡ್ ಸೇರಿದರೆ ಎರಡು ಮೈಕ್ರೋಸೆಕೆಂಡ್ ಹೋಯಿತು, ನಲವತ್ತು ಸೆಂಟಿಮೀಟರ್ ಅಗಲದ ಪರದೆಯಲ್ಲಿ ಅದು ಒಂದೂವರೆ ಸೆಂಟಿಮೀಟರ್. ಟ್ರಾನ್ಸ್‌ಫಾರ್ಮರಿಗೆ ಹಾಕಿದ ದುಡ್ಡು ದಂಡವಾಯಿತು. ಆದರೆ ದಾರಿ ಇದೇ ಅಂತ ಖಾತ್ರಿಯಾಯಿತು.

ಆಮೇಲೆ ಎಲ್‌ಒಟಿ (ಟ್ಯೂಬಿನ ಹೈ ವೋಲ್ಟೇಜ್ ಹುಟ್ಟಿಸುವ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್) ಕಡೆ ಹೋದೆ. ಇಎಚ್‌ಟಿ (ಆ ಹೈ ವೋಲ್ಟೇಜ್) ಸುತ್ತಿನ ಎದುರು ಭಾಗದಲ್ಲಿ ಫೆರೈಟ್ ಕೋರ್‌ನ ಒಂದು ಕಾಲು ಬರಿದಾಗಿರುತ್ತದೆ, ನೋಡಿರುತ್ತೀರಿ. ದಪ್ಪ ಇನ್ಸುಲೇಷನ್ನಿನ, ಬಿಸಿ ತಡೆಯುವ ವೈರನ್ನು ಅದರ ಸುತ್ತ ಸುತ್ತಿದೆ. ಎರಡು ಸುತ್ತಿಗೆ ಹೀಟರ್ ಮಂಕು, ಮೂರಕ್ಕೆ ಜಾಸ್ತಿ. ಮೂರೇ ಇಟ್ಟು, ಮೂರು ಓಮ್ ಆಸುಪಾಸಿನ ಒಂದು ವಾಟಿನ ರೆಸಿಸ್ಟರ್ ಸೀರೀಸಿನಲ್ಲಿ ಹಾಕಿದೆ. ಟ್ಯೂಬ್ ಬೋರ್ಡಿನಲ್ಲಿ ಹೀಟರಿನ ಎರಡೂ ಪಿನ್ನಿನ ಟ್ರ್ಯಾಕ್ ಕತ್ತರಿಸಬೇಕು. ಗ್ರೌಂಡಿನ ಕಡೆ ಒಂದೇ ಕತ್ತರಿಸಿದರೆ ಕೆಲಸ ಆಗುವುದಿಲ್ಲ. ಆನೋಡ್ (ಟ್ಯೂಬಿನ ಹೈ ವೋಲ್ಟೇಜ್ ತುದಿ) ಡಿಸ್‌ಚಾರ್ಜ್ ಮಾಡದೆ ಅಲ್ಲಿ ಕೈ ಹಾಕಬೇಡಿ, ಇಪ್ಪತ್ತೈದು ಸಾವಿರ ವೋಲ್ಟಿನ ಸೆಟ್ ಅದು.

ಇಲ್ಲಿನ ವೋಲ್ಟೇಜನ್ನು ಸಾಮಾನ್ಯ ಮೀಟರಿನಲ್ಲಿ ನೋಡಲು ಹೋಗಬೇಡಿ. ಪಲ್ಸ್ ರೂಪದ್ದು, ಅದೂ 15,625 ಹರ್ಟ್ಝ್, ಏನೇನೋ ತೋರಿಸುತ್ತದೆ. ನಾನು 6.3 ವೋಲ್ಟ್, 300 ಮಿಲಿಆಂಪಿನ ಎರಡು ಒಂದೇ ಥರದ ಬಲ್ಬ್ ತೆಗೆದುಕೊಂಡೆ. ಒಂದನ್ನು ಸರಿಯಾದ ಡಿಸಿಗೆ ಕೊಟ್ಟು, ಇನ್ನೊಂದನ್ನು ಹೀಟರಿನ ಬದಲು ಹೊಸ ಸುತ್ತಿಗೆ ಕೊಟ್ಟು, ದೀಪ ಆರಿಸಿದ ಕೋಣೆಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆ. ಎರಡರ ಬೆಳಕು ಒಂದೇ ಆಗುವವರೆಗೆ ರೆಸಿಸ್ಟರ್ ಬದಲಾಯಿಸುತ್ತಾ ಹೋದೆ. ನನ್ನದು ಸಣ್ಣ ಕುತ್ತಿಗೆಯ ಟ್ಯೂಬ್. ದಪ್ಪ ಕುತ್ತಿಗೆಯದ್ದು ಆರುನೂರು ಮಿಲಿಆಂಪಿನ ಮೇಲೆ ಎಳೆಯುತ್ತದೆ, ಅದಕ್ಕೆ ಎರಡೆರಡು ಬಲ್ಬ್ ಬೇಕು.

ಹೊಸ ವೈರನ್ನು ಚಾಸಿಗೆ ಒರಗಿಸಿ ಕಟ್ಟಿದರೆ ಕೆಂಪು ಮತ್ತೆ ಸ್ವಲ್ಪ ಹರಡುತ್ತದೆ. ಗಾಳಿಯಲ್ಲಿ ತೂಗುಬಿಟ್ಟರೆ ಗೆರೆ ಚೂಪಾಗುತ್ತದೆ. ವೈರಿನ ಉದ್ದವನ್ನೂ ಆದಷ್ಟು ಕಮ್ಮಿ ಇಟ್ಟೆ. ಸುತ್ತನ್ನು ಕೋರ್ ಮೇಲೆ ಅಲ್ಲಾಡದಂತೆ ಕೂರಿಸಲು ನಾನು ಮಾಡುವ ಒಂದು ಉಪಾಯ ಇದೆ. ಅದು ನನ್ನ ಹೊಟ್ಟೆಪಾಡಿನದ್ದು, ಇಲ್ಲಿ ಬರೆಯುವುದಿಲ್ಲ.

ಕೆಂಪು ಕ್ಯಾಥೋಡಿನ ಜೊತೆ ಹೀಟರ್ ನೂರ ಮೂವತ್ತು ವೋಲ್ಟಿಗೆ ಏರಿದರೆ ಹಸಿರು, ನೀಲಿಯೂ ಶಾರ್ಟ್ ಆಗುತ್ತವೆ ಅಂತ ಹೆದರಿಸಿದವರಿದ್ದರು. ಲೆಕ್ಕ ಉಲ್ಟಾ ಇದೆ. ಮೊದಲು ಹೀಟರ್ ಗ್ರೌಂಡಿನಲ್ಲಿದ್ದಾಗ ಆ ಎರಡರ ಮೇಲೂ ನೂರರ ಮೇಲಿನ ಒತ್ತಡ ಸದಾ ಇರುತ್ತಿತ್ತು. ಈಗ ಕ್ಯಾಥೋಡ್‌ಗಳ ನಡುವಿನ ವ್ಯತ್ಯಾಸ ಎಷ್ಟೋ ಅಷ್ಟೇ. ಎಲ್‌ಒಟಿಗೂ ಹೊರೆ ಜಾಸ್ತಿಯಾಗಿಲ್ಲ, ಅದೇ ಹೀಟರನ್ನು ಮೊದಲೂ ಅದೇ ನಡೆಸುತ್ತಿತ್ತು.

ಇದೇ ಥರ ವೈರ್ ಸುತ್ತಿ ಇನ್ನೊಂದು ಪ್ರಯೋಗವೂ ಆಯಿತು. ನೀಲಿ ಸೊರಗಿದ ಬೇರೆ ಟ್ಯೂಬಿಗೆ ರೆಸಿಸ್ಟರ್ ತೆಗೆದು ಹೀಟರನ್ನು ಏಳು ಏಳೂವರೆ ವೋಲ್ಟಿನಷ್ಟು ಕಾಯಿಸಿದೆ. ಬಿಳಿ ಮತ್ತೆ ಬಿಳಿಯಾಯಿತು. ಸುಮಾರು ಒಂದು ವರ್ಷ ಬಂತು, ಆಮೇಲೆ ಮೂರೂ ಬಣ್ಣ ಒಟ್ಟಿಗೆ ಮಂಕಾದವು. ಗುಜರಿ ಬೆಲೆಗೆ ಬಂದ ಸೆಟ್ಟಿಗೆ ಅಷ್ಟು ಬಂದದ್ದೇ ಲಾಭ. ಗಿರಾಕಿಯ ಸೆಟ್ಟಿಗೆ ನಾನು ಇದನ್ನು ಮಾಡುವುದಿಲ್ಲ.

ಈಗ ಹಸಿರು ಶಾರ್ಟ್ ಆದ 14 ಇಂಚಿನದೊಂದು ಬಂದಿದೆ. ಅದರ ಎಲ್‌ಒಟಿಯಲ್ಲಿ ಕೋರ್‌ನ ಬರಿ ಕಾಲಿಗೆ ಹೀಟ್‌ಸಿಂಕ್ ಅಂಟಿಕೊಂಡಂತಿದೆ, ನಡುವೆ ವೈರ್ ತೂರುವುದಿಲ್ಲ. ಹೀಟ್‌ಸಿಂಕ್ ಬಿಚ್ಚಿ ಆ ಕಡೆ ಈ ಕಡೆ ಸರಿಸಿ ನೋಡಬೇಕು.