ಪಪ್ಪಾಯಿ ಬೀಜದ ಸಾರ ಮತ್ತು ಗಂಡು ಇಲಿಗಳು: ನನ್ನ ಅನುಭವ

ಪಪ್ಪಾಯಿ ಬೀಜದ ಸಾರದಿಂದ ಗಂಡು ಇಲಿಗಳ ಫಲವತ್ತತೆ ಕಡಿಮೆಯಾಗುತ್ತದಾ ಎಂದು ನೋಡಲು ಮೊದಲ ಸಲ 28 ದಿನ ಮಾತ್ರ ಸಾರ ಕೊಟ್ಟೆ. ವೀರ್ಯಾಣುಗಳ ಎಣಿಕೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಈ ಬೀಜದಲ್ಲಿ ಏನೂ ಇಲ್ಲ ಎಂದು ಬರೆದು ಮುಗಿಸುವುದರಲ್ಲಿದ್ದೆ.

ತಪ್ಪಿದ್ದು ನನ್ನ ಲೆಕ್ಕ. ಇಲಿಯ ವೃಷಣದಲ್ಲಿ ವೀರ್ಯಾಣು ತಯಾರಾಗಲು ಸುಮಾರು 52 ದಿನ ಬೇಕು. ಆಮೇಲೆ ಎಪಿಡಿಡಿಮಿಸ್ ಎಂಬ ಸುರುಳಿ ನಾಳದಲ್ಲಿ ಬಲಿಯುತ್ತಾ ಸಾಗಲು ಇನ್ನೂ ಒಂದು ವಾರ. ಅಂದರೆ ನಾನು ಎಣಿಸಿದ ವೀರ್ಯಾಣುಗಳು ಮೊದಲ ಡೋಸ್‌ಗಿಂತ ಮುಂಚೆಯೇ ತಯಾರಾಗತೊಡಗಿದ್ದವು! ಅಷ್ಟು ಇಲಿಗಳ ಜೀವ ಸುಮ್ನೆ ಹೋಯಿತಲ್ಲ ಎಂಬ ನೋವು ಇವತ್ತಿಗೂ ಇದೆ.

ಇನ್ನೊಂದು ತಪ್ಪೂ ಇತ್ತು. ಸಾರ ಕೊಡದ ಇಲಿಗಳಲ್ಲೂ ವೀರ್ಯಾಣುಗಳು ಮಂಕಾಗಿ ಚಲಿಸುತ್ತಿದ್ದವು. ಕಾರಣ, ವೀರ್ಯಾಣುಗಳನ್ನು ಬಿಡುವ ತಣ್ಣಗಿನ ಸಲೈನ್ (ಉಪ್ಪುನೀರು). ಎಪಿಡಿಡಿಮಿಸ್‌ನ ಬಾಲದ ಭಾಗವನ್ನು ಕತ್ತರಿಸಿದ ಕೂಡಲೇ ಹಾಲಿನ ಎಳೆಯಂತೆ ಬಿಳಿ ದ್ರವ ಹೊರಬರುತ್ತದೆ. ಅದು ಬೀಳುವ ಸಲೈನ್ 37 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, ಸ್ಲೈಡೂ ಬೆಚ್ಚಗಿರಬೇಕು. ತಡಮಾಡಿದರೂ ಚಲನೆ ಕುಗ್ಗುತ್ತದೆ, ಆ ತಪ್ಪನ್ನು ಗಿಡದ ತಲೆಗೆ ಕಟ್ಟಿಬಿಡುತ್ತೇವೆ.

ಎರಡನೇ ಸಲ 60 ದಿನ ಕೊಟ್ಟೆ. ಹೋಲಿಕೆಗೆಂದು ಸಾರ ಕೊಡದೆ ಇಟ್ಟ ಕಂಟ್ರೋಲ್ ಗುಂಪಿಗೂ ದಿನಾ ಅದೇ ಹೊತ್ತಿಗೆ, ತುದಿ ಗುಂಡಗಿರುವ ಸೂಜಿಯಿಂದ, ಸಾರವಿಲ್ಲದ ದ್ರವವನ್ನು ಬಾಯಿಯ ಮೂಲಕ ಹೊಟ್ಟೆಗೆ ಹಾಕಿದೆ. ಇಲಿಯನ್ನು ಹಿಡಿಯುವ ಒತ್ತಡವೇ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ಇಳಿಸಬಹುದು, ಹಾಗಾಗಿ ಈ ಹೆಜ್ಜೆ ಬಿಡಲೇಬಾರದು. ಅಂಗಾಂಶ ಕೆಡದಂತೆ ವೃಷಣವನ್ನು ಫಾರ್ಮಲಿನ್ ಬದಲು ಬೌಯಿನ್ಸ್ ದ್ರಾವಣದಲ್ಲಿ ಇಟ್ಟೆ, ವೀರ್ಯಾಣು ತಯಾರಾಗುವ ನಾಳಗಳ ಆಕಾರ ಚೆನ್ನಾಗಿ ಉಳಿಯಿತು.

ಈ ಸಲ ವ್ಯತ್ಯಾಸ ಕಣ್ಣಿಗೇ ಕಂಡಿತು. ಸಾರ ತಿಂದ ಇಲಿಗಳಲ್ಲಿ ಹೆಚ್ಚಿನ ವೀರ್ಯಾಣುಗಳು ನಿಂತಲ್ಲೇ ನಡುಗುತ್ತಿದ್ದವು. ಆದರೆ ಇಲಿಗಳಲ್ಲಿ ವೀರ್ಯಾಣು ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಇರುತ್ತವೆ, ಎಣಿಕೆ ಇಳಿದರೂ ಮರಿ ಹುಟ್ಟಬಹುದು. ಅದಕ್ಕೇ ಹೆಣ್ಣು ಇಲಿಗಳ ಜೊತೆ ಬಿಟ್ಟು, ಬೆಳಗ್ಗೆ ಯೋನಿ ದ್ರವದಲ್ಲಿ ವೀರ್ಯಾಣು ಇದೆಯೇ ನೋಡಿ, ಕೂಡಿದ್ದನ್ನು ಖಚಿತಪಡಿಸಿಕೊಂಡ ಮೇಲೆ ಗರ್ಭ ಎಣಿಸಿದೆ. ನನ್ನ ಪ್ರಕಾರ ಇದಿಲ್ಲದೆ ‘ಫಲವತ್ತತೆ’ ಎಂಬ ಪದ ಬಳಸಬಾರದು. ಇದನ್ನು ಕೇಳಿದವರು ‘ನಾವೂ ಬೀಜ ತಿನ್ನಬಹುದಾ?’ ಎನ್ನುತ್ತಾರೆ. ಬೇಡ. ಇಲಿಯ ಡೋಸ್ ಮನುಷ್ಯನ ಡೋಸ್ ಅಲ್ಲ.

ಕೆಲವು ಇಲಿಗಳಿಗೆ ಸಾರ ನಿಲ್ಲಿಸಿ ಇನ್ನೂ 60 ದಿನ ಕಾದೆ. ಅವುಗಳ ಮೊದಲ ಸ್ಲೈಡ್ ಇಟ್ಟಾಗ ವೀರ್ಯಾಣುಗಳು ಕಣ್ಣು ಹಿಡಿಯದಷ್ಟು ವೇಗವಾಗಿ ಓಡುತ್ತಿದ್ದವು. ಎಣಿಸುವುದನ್ನು ಮರೆತು ನೋಡುತ್ತಾ ಕೂತೆ.